ಸೋರಿಯಾಸಿಸ್, ಬೊಜ್ಜು ಮತ್ತು ವಿಮೆಯ ಹಕ್ಕು

ಸೋರಿಯಾಸಿಸ್ ಇರುವವರಲ್ಲಿ ಬೊಜ್ಜಿನ ತೊಂದರೆ ಹೆಚ್ಚು. ಎರಡೂ ಕೂಡಿದಾಗ ಖರ್ಚೂ ಏರುತ್ತದೆ: ಉಸ್ಟೆಕಿನುಮ್ಯಾಬ್ ಚುಚ್ಚುಮದ್ದು 100 ಕಿಲೋವರೆಗಿನ ವಯಸ್ಕರಿಗೆ 45 ಮಿಲಿಗ್ರಾಂ, ಅದಕ್ಕೂ ಭಾರದವರಿಗೆ 90. ಔಷಧವೇ ಇಮ್ಮಡಿ. ಬಿಲ್ಲು ಹಿಡಿದು ವಿಮಾ ಕಂಪನಿಗೆ ಹೋದರೆ ‘ಇದೆಲ್ಲ ಪಾಲಿಸೀಲಿ ಬರಲ್ಲ’ ಎಂದು ಬಾಯಿಮಾತಿನಲ್ಲೇ ಸಾಗಹಾಕುವುದುಂಟು. ಯಾವ ಷರತ್ತಿನಡಿ ಬರುವುದಿಲ್ಲ ಎಂದು ಬರಹದಲ್ಲಿ ಕೇಳಿ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿ ಒಪ್ಪದೆ ಕ್ಲೇಮ್ ತಿರಸ್ಕರಿಸುವಂತಿಲ್ಲ.

ಬೊಜ್ಜಿನ ಶಸ್ತ್ರಚಿಕಿತ್ಸೆಗೆ ವಿಮೆ ಪೂರ್ತಿ ಮುಚ್ಚಿದ ಬಾಗಿಲಲ್ಲ. ಪಾಲಿಸಿಯಲ್ಲಿ ‘ಎಕ್ಸ್‌ಕ್ಲೂಷನ್ 06’ ಎಂಬ ಷರತ್ತನ್ನು ಹುಡುಕಿ. 18 ತುಂಬಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಮುಟ್ಟಿರಬೇಕು. 165 ಸೆಂ.ಮೀ. ಎತ್ತರದವರಿಗೆ ಇದು ಸುಮಾರು 109 ಕಿಲೋ. ಬಿಎಂಐ 35 ಇದ್ದರೂ ಸಾಕು, ಆದರೆ ತೂಕ ಇಳಿಸುವ ಬೇರೆ ದಾರಿಗಳು ಫಲಿಸದೆ, ಜೊತೆಗೆ ಹೃದ್ರೋಗ, ತೀವ್ರ ಸ್ಲೀಪ್ ಅಪ್ನಿಯಾ ಅಥವಾ ಹತೋಟಿಗೆ ಬಾರದ ಟೈಪ್ 2 ಮಧುಮೇಹ ಇರಬೇಕು. ಈ ಪಟ್ಟಿಯಲ್ಲಿ ಸೋರಿಯಾಸಿಸ್ ಇಲ್ಲ. ಹಾಗಾಗಿ ವೈದ್ಯರ ಪತ್ರದಲ್ಲಿ ಸೋರಿಯಾಸಿಸ್ ಮಾತ್ರ ಇದ್ದರೆ ಕೆಲಸ ಕೆಡುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಅದರ ವರದಿಗಳನ್ನೂ, ಹಿಂದೆ ಮಾಡಿದ ಪಥ್ಯ–ಔಷಧಗಳ ದಾಖಲೆಯನ್ನೂ ಲಗತ್ತಿಸಿ.

ಸೋರಿಯಾಸಿಸ್‌ನ ಮುಲಾಮು, ಬೆಳಕಿನ ಚಿಕಿತ್ಸೆಗಳು ಹೊರರೋಗಿ ಖರ್ಚು; ಒಪಿಡಿ ಸೌಲಭ್ಯವಿಲ್ಲದ ಪಾಲಿಸಿಯಲ್ಲಿ ಸಿಗುವುದು ಕಷ್ಟ. ಉಸ್ಟೆಕಿನುಮ್ಯಾಬ್, ಸೆಕುಕಿನುಮ್ಯಾಬ್, ಅಡಲಿಮುಮ್ಯಾಬ್‌ಗಳ ಕಥೆ ಬೇರೆ. ಇವು ಮೊನೊಕ್ಲೋನಲ್ ಆ್ಯಂಟಿಬಾಡಿಗಳು. ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಇಂಥ ಚುಚ್ಚುಮದ್ದು 2019ರಿಂದಲೇ ಇದೆ. ಮೊತ್ತಕ್ಕೆ ಮಿತಿ ಹಾಕಬಹುದು, ಅದನ್ನು ಪಾಲಿಸಿಯಲ್ಲೇ ಬರೆದಿರಬೇಕು. ಕಂಪನಿಯ ತಕರಾರು ಬಹುಪಾಲು ‘ಆಸ್ಪತ್ರೆಗೆ ದಾಖಲಾಗುವ ಅಗತ್ಯವೇ ಇರಲಿಲ್ಲ’ ಎಂಬುದು. ಮನೆಯಲ್ಲೇ ಚುಚ್ಚಿಕೊಳ್ಳಬಹುದಾದ ಔಷಧಕ್ಕೆ ಅದು ತೀರಾ ಹುರುಳಿಲ್ಲದ ವಾದವೂ ಅಲ್ಲ. ದಾಖಲಾತಿ ಏಕೆ ಬೇಕಾಯಿತು ಎಂದು ವೈದ್ಯರಿಂದ ಬರೆಸಿಕೊಳ್ಳಿ. ಇಲ್ಲದ ಕಾರಣ ಹುಟ್ಟಿಸಬೇಡಿ.

ಪಾಲಿಸಿ ಕೊಳ್ಳುವಾಗ ‘ಚರ್ಮದ್ದೇನು ಬರೆಯೋದು, ಬಿಡಿ ಸಾರ್’ ಎನ್ನುವ ಏಜೆಂಟರ ಮಾತಿಗೆ ಬೀಳಬೇಡಿ. ಮೊದಲೇ ಇದ್ದ ಕಾಯಿಲೆಯನ್ನು ಹೇಳಿದರೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟರೆ ಕ್ಲೇಮೇ ಹೋದೀತು. 60 ತಿಂಗಳು ಸತತ ಕಂತು ಕಟ್ಟಿದ ಮೇಲೆ ಮಾತ್ರ, ವಂಚನೆ ಸಾಬೀತಾಗದ ಹೊರತು, ‘ಹೇಳಿರಲಿಲ್ಲ’ ಎಂಬ ನೆಪಕ್ಕೆ ಬೆಲೆಯಿಲ್ಲ.

ತಿರಸ್ಕಾರದ ಪತ್ರ ಬಂದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಆ ತೀರ್ಪಿಗೆ ಕಂಪನಿ ಬದ್ಧ, ನೀವಲ್ಲ. ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ, ಎರಡು ವರ್ಷದ ಗಡುವಿನೊಳಗೆ. ಸರದಿ ತಪ್ಪಿಸಬೇಡಿ: ಗ್ರಾಹಕರ ಆಯೋಗದಲ್ಲಿ ದಾವೆ ಹೂಡಿದ ಮೇಲೆ ಅದೇ ದೂರನ್ನು ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ.