ಮೊದಲ ಗೆಲುವು ಮತ್ತು ಶ್ರೇಯದ ನಿರ್ಣಯ



ಮೌಲ್ಯಮಾಪನ ಬರಹದಲ್ಲಿ ನಾವು ಪದೇ ಪದೇ ಮಾಡುವ ತಪ್ಪೆಂದರೆ ಫಲವನ್ನು ಕಂಡೊಡನೆ ಅದರ ಕರ್ತೃವನ್ನು ಗೊತ್ತುಮಾಡಿಬಿಡುವುದು. ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹೊಸ ತರಬೇತುದಾರರು ಬಂದರು, ತಂಡ ಗೆದ್ದಿತು, ಆದ್ದರಿಂದ ಅವರು ಸಮರ್ಥರು ಎಂದು ಬರೆಯುತ್ತೇವೆ. ಈ ‘ಆದ್ದರಿಂದ’ವನ್ನು ಪರೀಕ್ಷಿಸುವುದೇ ಇಂದಿನ ಪಾಠ.

ಕನ್ನಡ, ಮರಾಠಿ ಎರಡರಲ್ಲಿಯೂ ಬಳಕೆಯಲ್ಲಿರುವ ಎರಡು ಶಬ್ದಗಳು ಇಲ್ಲಿ ನೆರವಾಗುತ್ತವೆ: ಯಶ ಮತ್ತು ಶ್ರೇಯ. ಸಂಸ್ಕೃತದಲ್ಲಿ ಯಶಸ್ಸೆಂದರೆ ಕೀರ್ತಿ. ಇಂದು ನಾವು ಅದನ್ನು ಗೆಲುವು, ಸಾಫಲ್ಯ ಎಂಬರ್ಥದಲ್ಲಿ ಬಳಸುತ್ತೇವೆ. ಶ್ರೇಯವೆಂದರೆ ಒಳಿತು, ಆದರೆ ‘ಶ್ರೇಯ ಸಲ್ಲಬೇಕು’ ಎನ್ನುವಾಗ ಅದು ಕಾರಣಕರ್ತನಿಗೆ ಸಲ್ಲುವ ಮನ್ನಣೆ. ಯಶಸ್ಸು ಘಟನೆ, ಶ್ರೇಯ ನಿರ್ಣಯ. ಮೊದಲನೆಯದಕ್ಕೆ ಪಂದ್ಯದ ಫಲಿತಾಂಶ ಸಾಕು. ಎರಡನೆಯದಕ್ಕೆ ಪೂರ್ವವೃತ್ತಾಂತ ಬೇಕು.

ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಉದಾಹರಣೆ ನೋಡೋಣ. 2013ರಲ್ಲಿ ಸ್ಥಾಪನೆಯಾದ ಈ ಕ್ಲಬ್ಬು ಆಶ್ಲಿ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ ಮೊದಲ ವರ್ಷವೇ, ಅಂದರೆ 2013–14ರಲ್ಲಿ, ಐ-ಲೀಗ್ ಗೆದ್ದಿತು. ಹಿಂದಿನವರು ಕಟ್ಟಿಕೊಟ್ಟ ತಂಡವೆಂಬುದು ಅಲ್ಲಿರಲಿಲ್ಲ. ಆದರೂ ಸುನಿಲ್ ಛೇತ್ರಿಯವರಂತಹ ನಾಯಕ, ಹಣವುಳ್ಳ ಮಾಲೀಕರು ಇದ್ದರೆಂಬುದನ್ನು ಮರೆಯಬಾರದು. ಮರುವರ್ಷ ಎರಡನೆಯ ಸ್ಥಾನ, 2015–16ರಲ್ಲಿ ಮತ್ತೆ ಪ್ರಶಸ್ತಿ. ಮೂರು ವರ್ಷಗಳ ಈ ಸಾತತ್ಯವೇ ಮೊದಲ ಗೆಲುವು ಆಕಸ್ಮಿಕವಲ್ಲವೆಂಬುದಕ್ಕೆ ಸಾಕ್ಷಿ.

2016ರ ಜುಲೈನಲ್ಲಿ ಆಲ್ಬರ್ಟ್ ರೋಕಾ ಬಂದರು. ನವೆಂಬರಿನಲ್ಲಿ ತಂಡ ಎ.ಎಫ್.ಸಿ. ಕಪ್ ಫೈನಲ್ ಆಡಿತು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಆ ಹಂತ ಮುಟ್ಟಿರಲಿಲ್ಲ. ಶ್ರೇಯ ಯಾರದು? ತಂಡವನ್ನು ಕ್ವಾರ್ಟರ್ ಫೈನಲ್‌ವರೆಗೆ ತಂದವರು ವೆಸ್ಟ್‌ವುಡ್. ಹಿಂದಿನ ವರ್ಷದ ಚಾಂಪಿಯನ್ ಜೊಹೊರ್ ತಂಡವನ್ನು ಸೆಮಿಫೈನಲ್‌ನಲ್ಲಿ ಮಣಿಸಿದಾಗ ತರಬೇತುದಾರರಾಗಿದ್ದವರು ರೋಕಾ. ಫೈನಲ್‌ನಲ್ಲಿ ತಂಡ ಸೋತಿತು. ಮುಂದಿನ ಐ-ಲೀಗ್‌ನಲ್ಲಿ ನಾಲ್ಕನೆಯ ಸ್ಥಾನಕ್ಕಿಳಿಯಿತು. ಅದೇ ಋತುವಿನ ಫೆಡರೇಷನ್ ಕಪ್ ಗೆದ್ದಿತು. ನವೆಂಬರಿನಲ್ಲಿ ಹೊಗಳಿ, ಲೀಗ್ ಮುಗಿದಾಗ ತೆಗಳಿ, ಕಪ್ ಬಂದಾಗ ಮತ್ತೆ ಹೊಗಳಿದವನು ವಿಮರ್ಶಕನಲ್ಲ, ಗಾಳಿಕೋಳಿ.

ಜತ್ತ ಭಾಗದ ನಮಗೆ ಈ ಮಾತು ಹೊಸದಲ್ಲ. ಬೇರೊಬ್ಬರು ನೆಟ್ಟ ದಾಳಿಂಬೆ ತೋಟವನ್ನು ಕೊಂಡವನು ಮೊದಲ ವರ್ಷವೇ ಹಣ್ಣು ಕೀಳಬಹುದು. ಅವನು ನೀರು ಹಾಯಿಸಿದ್ದೂ ನಿಜ, ಗಿಡ ಅವನು ನೆಟ್ಟದ್ದಲ್ಲವೆಂಬುದೂ ನಿಜ.

ನನ್ನದೇ ಒಂದು ಮಾತು. ಅಧ್ಯಾಪಕನಾದ ಮೊದಲ ವರ್ಷ ನನ್ನ ತರಗತಿಯ ಫಲಿತಾಂಶ ಚೆನ್ನಾಗಿ ಬಂತು. ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಆ ಮಕ್ಕಳಿಗೆ ಹಿಂದಿನ ಎರಡು ವರ್ಷ ಪಾಠ ಹೇಳಿ ನಿವೃತ್ತರಾದ ಗುರುಗಳು ಕೊನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದರು. ಅಂದು ಅವರ ಹೆಸರನ್ನು ನಾನು ಎತ್ತಲಿಲ್ಲ. ಆ ಶಾಲು ಇಂದಿಗೂ ನನಗೆ ಭಾರ.

ಆದ್ದರಿಂದ ಯಾವುದೇ ಮೊದಲ ಗೆಲುವನ್ನು ಕುರಿತು ಬರೆಯುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಬಂದವರಿಗೆ ಸಿಕ್ಕಿದ್ದೇನು? ಅವರು ಬದಲಿಸಿದ್ದೇನು? ಎದುರಾಳಿ ಎಂಥವನು? ಉತ್ತರ ಪೂರ್ಣವಾಗದಿದ್ದರೆ ‘ಶುಭಾರಂಭ’ ಎನ್ನಿ. ‘ಸಮರ್ಥರು’ ಎಂಬ ಪದವನ್ನು ಕಾಯ್ದಿರಿಸಿ. ಬೇಗನೆ ಹೊಗಳುವ ನಾಲಗೆಯೇ ಮೊದಲ ಸೋಲಿಗೆ ತೆಗಳುತ್ತದೆ. ಅದರಿಂದ ಒಬ್ಬರ ಉದ್ಯೋಗವೂ ಮಾನವೂ ಹೋಗಬಹುದು.

ಅಭ್ಯಾಸ: ನೀವು ಬಲ್ಲ ಒಂದು ಗೆಲುವನ್ನು ಆರಿಸಿಕೊಂಡು, ಅದರ ಯಶಸ್ಸನ್ನು ಒಂದು ವಾಕ್ಯದಲ್ಲಿಯೂ ಶ್ರೇಯವನ್ನು ಹತ್ತು ವಾಕ್ಯಗಳಲ್ಲಿಯೂ ಬರೆಯಿರಿ.