ಕೊಟ್ಟೂರಿನ ಮಿರ್ಚಿಯಲ್ಲಿರುವುದು ಶಾಜೀರಿಗೆಯೇ?

ಪ್ರಶ್ನೆ: ‘ಕ್ಯಾರವೇ’ ಎಂಬ ಪದಕ್ಕೆ ಒಂದು ಕಡೆ ಓಮ ಎಂದೂ ಇನ್ನೊಂದು ಕಡೆ ಶಾಜೀರಿಗೆ ಎಂದೂ ಓದಿದೆ. ನಮ್ಮ ಮಿರ್ಚಿಗೆ ಹಾಕುವ ಅಜವಾನ ಅದೇನಾ? ನಮ್ಮ ಹೊಲದಲ್ಲಿ ಬೆಳೆಯಬಹುದೇ?
– ಓದುಗರು, ಕೊಟ್ಟೂರು

ಉತ್ತರ: ಅಲ್ಲ. ಮಿರ್ಚಿಯಲ್ಲಿರುವುದು ಅಜವಾನ, ಅಂದರೆ ಓಂಕಾಳು. ಕ್ಯಾರವೇ ಎಂದರೆ ಶಾಜೀರಿಗೆ. ಜೀರಿಗೆ, ಕೊತ್ತಂಬರಿ, ಸಬ್ಬಸಿಗೆಯಂತೆ ಇವೆರಡೂ ಕೊಡೆ ಬಿಚ್ಚಿದ ಹಾಗೆ ಹೂ ಬಿಡುವ ಒಂದೇ ಕುಟುಂಬದವು. ಹೆಸರು ಕಲಸಿಹೋಗಿದ್ದು ಅದಕ್ಕೇ.

ಎರಡನ್ನೂ ಅಂಗೈ ಮೇಲೆ ಹಾಕಿಕೊಂಡು ನೋಡಿ. ಓಂಕಾಳು ಸಣ್ಣದು, ಗುಂಡಗಿನದು, ಬೂದುಗಂದು ಬಣ್ಣದ್ದು. ತಿಕ್ಕಿದರೆ ಘಾಟು ನೇರ ಮೂಗಿಗೇರುತ್ತದೆ. ಶಾಜೀರಿಗೆ ಕಡುಕಂದು, ತೆಳ್ಳಗೆ, ಕುಡುಗೋಲಿನಂತೆ ಬಾಗಿರುತ್ತದೆ. ಮೈಮೇಲೆ ತಿಳಿಬಣ್ಣದ ಗೆರೆಗಳಿದ್ದು, ವಾಸನೆ ಮೆತ್ತಗೆ, ತುಸು ಸಿಹಿಯಾಗಿರುತ್ತದೆ. ನಮ್ಮಲ್ಲಿ ಅದಕ್ಕೆ ಕೆಲಸವಿರುವುದು ಪಲಾವು, ಬಿರಿಯಾನಿಯಲ್ಲಿ; ಯುರೋಪಿನವರು ರೈ ರೊಟ್ಟಿಗೆ ಹಾಕುತ್ತಾರೆ.

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಸಂಜೆಯಾದರೆ ಮಂಡಕ್ಕಿ–ಮಿರ್ಚಿ ಬೇಕೇ ಬೇಕು. ಉದ್ದನೆಯ ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ, ಉಪ್ಪು ಬೆರೆಸಿ ಕುಟ್ಟಿದ ಅಜವಾನ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ. ಕಡಲೆಹಿಟ್ಟು ವಾಯು ಎಂದು ಬಲ್ಲವರು ಮಾಡಿಕೊಂಡ ಜೋಡಿ ಇದು. ಅಲ್ಲಿ ಶಾಜೀರಿಗೆ ಹಾಕಿದರೆ ಮಿರ್ಚಿ ಮಿರ್ಚಿಯಾಗಿ ಉಳಿಯುವುದಿಲ್ಲ!

ಅಜವಾನದ ಘಾಟಿಗೆ ಕಾರಣ ಥೈಮಾಲ್. 1914ರ ಮಹಾಯುದ್ಧಕ್ಕೆ ಮುಂಚೆ ನಮ್ಮ ದೇಶದ ಓಂಕಾಳು ಜರ್ಮನಿಗೆ ಹಡಗಿನಲ್ಲಿ ಹೋಗುತ್ತಿತ್ತು. ಅಲ್ಲಿ ಥೈಮಾಲ್ ತೆಗೆದು ಕ್ರಿಮಿನಾಶಕವಾಗಿ, ಕೊಕ್ಕೆಹುಳುವಿನ ಔಷಧಿಯಾಗಿ ಬಳಸುತ್ತಿದ್ದರು. ಹೊಟ್ಟೆನೋವೆಂದರೆ ನಮ್ಮ ಹಿರಿಯರು ಕೊಡುತ್ತಿದ್ದ ಓಂ ವಾಟರ್ ಕೂಡ ಇದೇ ಕಾಳಿನದು. ಶಾಜೀರಿಗೆಯಲ್ಲಿರುವುದು ಕಾರ್ವೋನ್. ಅಜೀರ್ಣಕ್ಕೆ ಜರ್ಮನಿಯಲ್ಲಿ ಶಾಜೀರಿಗೆ ಎಣ್ಣೆಯನ್ನು ಪುದೀನ ಎಣ್ಣೆಯ ಜೊತೆ ಮಾತ್ರೆ ಮಾಡಿ ಕೊಡುತ್ತಾರೆ. ವಾಯು ಬಿಡಿಸುವುದರಲ್ಲಿ ಎರಡೂ ಕಾಳು ಒಳ್ಳೆಯವೇ, ಆದರೆ ಗುಣ ಬೇರೆ, ಪ್ರಮಾಣ ಬೇರೆ.

ಅಂದ ಹಾಗೆ, ಹಿತ್ತಲಿನ ದೊಡ್ಡಪತ್ರೆಗೂ ಓಮದ ವಾಸನೆಯೇ ಇದೆ. ಹಾಗಂತ ಓಂಕಾಳು ಬಿಡುವ ಗಿಡ ಅದಲ್ಲ. ಅದು ತುಳಸಿಯ ಬಳಗ.

ಇನ್ನು ಹೊಲದ ಮಾತು. ಶಾಜೀರಿಗೆ ಕಾಶ್ಮೀರ, ಲಾಹೌಲ್‌ನಂಥ ಚಳಿ ಸೀಮೆಯ ಗಿಡ. ಮೊದಲ ವರ್ಷ ಬರೀ ಎಲೆ. ಹಿಮದ ಚಳಿ ಕಂಡ ಮೇಲೆ ಎರಡನೇ ವರ್ಷ ಹೂವು. ಹಡಗಲಿ, ಹಗರಿಬೊಮ್ಮನಹಳ್ಳಿಯ ಚಳಿಗಾಲ ಅದಕ್ಕೆ ಲೆಕ್ಕಕ್ಕೇ ಇಲ್ಲ. ದಯವಿಟ್ಟು ಅದಕ್ಕೆ ದುಡ್ಡು ಸುರಿಯಬೇಡಿ. ಅಜವಾನದ ಮಾತು ಬೇರೆ. ಪಕ್ಕದ ಕರ್ನೂಲು ಸೀಮೆಯ ರೈತರು ‘ವಾಮು’ ಎಂದು ಕರೆದು ಎರೆ ಹೊಲದಲ್ಲಿ ಮಳೆ ನಂಬಿಯೇ ಬೆಳೆಯುತ್ತಾರೆ. ಎರೆ ಭೂಮಿ ಇದ್ದರೆ ಒಂದೆರಡು ಗುಂಟೆಯಲ್ಲಿ ಬಿತ್ತಿ ನೋಡಲು ಅಡ್ಡಿಯಿಲ್ಲ.

ಕೊನೆಗೊಂದು ಎಚ್ಚರಿಕೆ. ಕರಿಜೀರಿಗೆ ಎಂದು ಕೇಳಿದರೆ ಒಬ್ಬರು ಶಾಜೀರಿಗೆ ಕೊಡುತ್ತಾರೆ, ಇನ್ನೊಬ್ಬರು ಮೂರು ಮೂಲೆಯ ಕಲೌಂಜಿ ಕೊಡುತ್ತಾರೆ. ಕಾಡುಜೀರಿಗೆಯಂತೂ ಈ ಕುಟುಂಬದ್ದೇ ಅಲ್ಲ, ಸೂರ್ಯಕಾಂತಿಯ ಬಳಗದ ಕಡುಕಹಿ ಕಾಳು. ಅಡುಗೆಗೆ ಹೆಸರು ತಪ್ಪಿದರೆ ರುಚಿ ಮಾತ್ರ ಕೆಡುತ್ತದೆ. ಮದ್ದಿಗೆ, ಅದರಲ್ಲೂ ಮಕ್ಕಳಿಗೆ, ಬಸುರಿಯರಿಗೆ ಕೊಡುವುದಾದರೆ ಕಾಳನ್ನು ವೈದ್ಯರಿಗೆ ತೋರಿಸಿಯೇ ಕೊಡಿ.