ಎಲ್ಲಿಗಿ ಬಂತು ಪುಸ್ತಕಾ?

ನಮ್ಮೂರು, ವಿಜಯಪುರ ಜಿಲ್ಲೆಯ ಇಂಗಳೇಶ್ವರದಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚುತ್ತಾರೆ. ಒಂದು ವರ್ಷ ಬಸವ ಪುರಾಣ, ಇನ್ನೊಂದು ವರ್ಷ ಕಲಬುರಗಿಯ ಶರಣಬಸವೇಶ್ವರರದು, ಮತ್ತೊಮ್ಮೆ ಹೇಮರಡ್ಡಿ ಮಲ್ಲಮ್ಮನದು. ರಾತ್ರಿ ಊಟ ಮುಗಿಸಿ ಚಾಪೆ ಹಿಡಿದುಕೊಂಡು ಜನ ಸೇರುತ್ತಾರೆ. ಪೇಟಿ, ತಬಲಾದವರು ಅಣಿಯಾದ ಮೇಲೆ ಪುರಾಣ ಹೇಳುವವರು ಬಾಯಿ ಬಿಡುತ್ತಾರೆ. ಕಥೆ ಬಿಗಿಗೆ ಬಂದ ಹೊತ್ತಿಗೇ ನಿಲ್ಲಿಸಿ ಮಂಗಳಾರತಿಗೆ ಏಳುವುದು ಅವರ ಪದ್ಧತಿ. ಮರುದಿನ ಮುಂಜಾನೆ ಚಹಾದಂಗಡಿಯ ಮುಂದೆ, ಬಸ್ಸಿಗೆ ನಿಂತಲ್ಲಿ, ಆ ಅರ್ಧ ಕಥೆಯದೇ ಮಾತು. ನಿನ್ನೆ ರಾತ್ರಿ ತಪ್ಪಿಸಿಕೊಂಡವನಿಗೆ ಒಬ್ಬ ಹೇಳುತ್ತಾನೆ, ಅದು ಸರಿಯಲ್ಲವೆಂದು ಇನ್ನೊಬ್ಬ ತಿದ್ದುತ್ತಾನೆ, ಮುಂದೆ ಹಿಂಗಾಗಬಾರದಿತ್ತು ಎಂದು ಮೂರನೆಯವನು ಇನ್ನೂ ಆಗದ್ದಕ್ಕೇ ತಕರಾರು ತೆಗೆಯುತ್ತಾನೆ.

ಮಲ್ಲಮ್ಮನ ಪುರಾಣದ ವರ್ಷ ಹೆಂಗಸರ ಸಿಟ್ಟು ನೋಡಬೇಕು. ಅತ್ತೆಯ ಕಾಟ, ನೆಗೆಣ್ಣಿಯರ ಚಾಡಿ, ಹೆಂಡತಿಯ ಪರ ನಿಲ್ಲಲಾರದ ಮುಗ್ಧ ಗಂಡ ಭರಮರೆಡ್ಡಿ. ಪುರಾಣ ನಡುವಿಗೆ ಬಂದಾಗ ಊರಿನ ಅರ್ಧ ಜನ ಆ ಅತ್ತೆಯ ಮೇಲೆ ಕಟ್ಟಿಗೆ ಎತ್ತುವಷ್ಟು ಕೆರಳಿರುತ್ತಾರೆ. ಮಂಗಲದ ದಿನ ಕಥೆ ಬೇರೆಯಾಗುತ್ತದೆ. ಆಕೆಯ ದೇವರು ಮಲ್ಲಯ್ಯ ಒಲಿದು ವರ ಕೇಳೆಂದರೆ ಮಲ್ಲಮ್ಮ ತನ್ನನ್ನು ಕಾಡಿದ ಮನೆತನಕ್ಕೇ ಒಳ್ಳೆಯದನ್ನು ಕೇಳುತ್ತಾಳೆ. ಎಲ್ಲರೂ ಕಣ್ಣೊರೆಸಿಕೊಂಡು ಗೋಧಿ ಹುಗ್ಗಿ ಉಂಡು ಮನೆಗೆ ಹೋಗುತ್ತಾರೆ. ಅತ್ತೆಗೆ ಕ್ಷಮೆ ಸಿಕ್ಕಿತೆಂದೇ ಲೆಕ್ಕ. ಆದರೆ ಮುಂದೆ ಮತ್ತೊಮ್ಮೆ ಅದೇ ಪುರಾಣ ಹಚ್ಚಿದಾಗ ಅದೇ ಹೆಂಗಸರಿಗೆ ಅದೇ ಜಾಗದಲ್ಲಿ ಅಷ್ಟೇ ಸಿಟ್ಟು ಬರುತ್ತದೆ. ಮಂಗಲದ ಕ್ಷಮೆ ನಡುವಿನ ಸಿಟ್ಟನ್ನು ಅಳಿಸಿರುವುದಿಲ್ಲ. ಪುಸ್ತಕ ಓದುವ ನನ್ನ ರೀತಿ ರೂಪುಗೊಂಡದ್ದು ಇಲ್ಲಿ ಎಂದು ಈಗ ಅನಿಸುತ್ತದೆ.

ನಮ್ಮ ಕಾಕಾ ಪುಸ್ತಕ ಓದುವವರಲ್ಲ, ಪುಸ್ತಕ ಕೇಳುವವರು. ನನ್ನ ಕೈಯಲ್ಲಿ ಯಾವುದೇ ಪುಸ್ತಕ ಕಂಡರೂ ಅವರ ಪ್ರಶ್ನೆ ಒಂದೇ: “ಎಲ್ಲಿಗಿ ಬಂತು ಪುಸ್ತಕಾ?” ಚೆನ್ನಾಗಿದೆಯೋ ಇಲ್ಲವೋ, ಬರೆದವರು ಯಾರು, ಪ್ರಶಸ್ತಿ ಬಂದಿದೆಯೋ ಎಂದು ಒಮ್ಮೆಯೂ ಕೇಳಿದವರಲ್ಲ. ‘ಹೆಂಗದ?’ ಎಂದು ಕೇಳಿದರೆ ಒಂದು ಮಾತಿನಲ್ಲಿ ತಪ್ಪಿಸಿಕೊಳ್ಳಬಹುದು. ‘ಎಲ್ಲಿಗಿ ಬಂತು?’ ಎಂದರೆ ಕಥೆಯ ಒಳಗೆ ನಾನು ನಿಂತ ಜಾಗವನ್ನು ತೋರಿಸಲೇಬೇಕು. ಯಾರ ಪರ ಇದ್ದೇನೆ, ಯಾರ ಮೇಲೆ ಅನುಮಾನ, ಎಲ್ಲಿ ಬೇಸರ ಬಂತು, ಎಲ್ಲವನ್ನೂ ಬಿಚ್ಚಬೇಕು. ಮುಗಿಸಿದ ಮೇಲೆ ಈ ಮಾತುಗಳಲ್ಲಿ ಅರ್ಧಕ್ಕರ್ಧ ಬಾಯಿಗೆ ಬರುವುದೇ ಇಲ್ಲ. ಕೊನೆ ಗೊತ್ತಾದವನು ಮೊದಲಿನಿಂದಲೂ ಗೊತ್ತಿತ್ತು ಎಂಬಂತೆ ಮಾತಾಡುತ್ತಾನೆ. ವಿಮರ್ಶೆ ಬರೆಯುವವರಲ್ಲೂ ಈ ಚಾಳಿ ಬಹಳ.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಅವ್ವನಿಗೆ ಓದಿ ಹೇಳಿದ್ದೆ. ಆಕೆ ಜೋಳ ಹಸನು ಮಾಡುತ್ತ ಕೂತಾಗ ಓದುವುದು, ಮೊರ ಕೆಳಗಿಟ್ಟಾಗ ನಿಲ್ಲಿಸುವುದು. 1970ರಲ್ಲಿ ಬಂದ ಕಾದಂಬರಿ. ತಿಪಟೂರು ಸೀಮೆಯ ರಾಮಸಂದ್ರ ಎಂಬ ಹಳ್ಳಿ, ಶಾನುಭೋಗರ ಬ್ರಾಹ್ಮಣ ಮನೆ. ನಮ್ಮ ಮನೆಗೂ ಅದಕ್ಕೂ ಆಚಾರದಲ್ಲಿ, ಊಟದಲ್ಲಿ, ಮಾತಿನಲ್ಲಿ ಯಾವುದರಲ್ಲೂ ಸಂಬಂಧವಿಲ್ಲ. ಆದರೂ ಗಂಡ ಚೆನ್ನಿಗರಾಯನ ಶಾನುಭೋಗಿಕೆಯ ಲೆಕ್ಕವನ್ನು ಆ ಮನೆಯ ಸೊಸೆ ನಂಜಮ್ಮನೇ ಬರೆಯತೊಡಗಿದ ಭಾಗಕ್ಕೆ ಬಂದಾಗ ಅವ್ವ ಕೈ ನಿಲ್ಲಿಸಿದಳು. “ಆಕಿ ಲೆಕ್ಕಾ ಬರದು, ಎಲಿ ಹಚ್ಚಿ ಸಂಸಾರಾ ಎಳೀತಾಳ. ಅಂವಾ ಉಂಡು ಕುಂದರತಾನ. ಇಂಥಾವ್ರು ನಮ್ಮ ಓಣ್ಯಾಗೂ ಅದಾರ ತಗೊ,” ಎಂದು ಎರಡು ಮನೆಗಳ ಹೆಸರನ್ನೂ ಹೇಳಿದಳು. ಅಂದಿನಿಂದ ಚೆನ್ನಿಗರಾಯನ ಹೆಸರು ಬಂದಾಗಲೆಲ್ಲ ಓಣಿಯ ಒಬ್ಬರ ಮುಖ ನನ್ನ ಕಣ್ಣ ಮುಂದೆ ಬರುತ್ತದೆ. ಯಾರದೆಂದು ಬರೆಯುವ ಹಾಗಿಲ್ಲ.

ಕಥೆಯಲ್ಲಿ ಪ್ಲೇಗ್ ಬಂತು. ನಂಜಮ್ಮನ ಮಗಳು ಪಾರ್ವತಿ ಹೋದಳು, ಮಗ ರಾಮಣ್ಣ ಹೋದ. ಅವ್ವ ಆ ದಿನ ಒಂದೂ ಮಾತಾಡಲಿಲ್ಲ. ಮರುದಿನ ನಾನು ಪುಸ್ತಕ ತೆಗೆದರೆ, “ಇಲ್ಲಿಗಿ ಸಾಕು. ಮುಂದಿಂದು ನೀನ ಓದ್ಕೊ,” ಎಂದಳು. ನಾನು ಓದಿ ಮುಗಿಸಿದೆ. ನನಗೆ ಗೊತ್ತಿರುವ ‘ಗೃಹಭಂಗ’ದಲ್ಲಿ ನಂಜಮ್ಮನೂ ಉಳಿಯುವುದಿಲ್ಲ. ಅವ್ವನ ‘ಗೃಹಭಂಗ’ದಲ್ಲಿ ಆಕೆ ಇಂದಿಗೂ ಮುತ್ತುಗದ ಎಲೆ ಹಚ್ಚುತ್ತ ಕೂತಿದ್ದಾಳೆ, ಉಳಿದ ಒಬ್ಬ ಮಗ ವಿಶ್ವನನ್ನು ಹೇಗೋ ದಂಡೆಗೆ ಹಚ್ಚುತ್ತಾಳೆ. ಪೂರ್ತಿ ಓದದವರಿಗೆ ಪುಸ್ತಕದ ಬಗ್ಗೆ ಮಾತಾಡುವ ಹಕ್ಕಿಲ್ಲ ಎಂದು ಯಾರಾದರೂ ಸಭೆಯಲ್ಲಿ ಹೇಳಿದಾಗ ನನಗೆ ಅವ್ವ ನೆನಪಾಗುತ್ತಾಳೆ. ಆಕೆ ಎಲ್ಲಿ ನಿಲ್ಲಿಸಿದಳೋ ಅದು ಆ ಪುಸ್ತಕದ ಮೇಲೆ ಆಕೆ ಕೊಟ್ಟ ತೀರ್ಪೇ.

ಅಂದಿನಿಂದ ನಡು ಪುಸ್ತಕದ ಮಾತುಗಳನ್ನು ಬರೆದಿಡುವ ರೂಢಿ ಬಿತ್ತು. ಗ್ರಂಥಾಲಯದ ಪುಸ್ತಕದಲ್ಲಿ ಗೀಚುವಂತಿಲ್ಲ. ಹೋದ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ಹರಿದು, ಅದರ ಬೆನ್ನ ಮೇಲೆ ಪುಟದ ಸಂಖ್ಯೆ ಹಾಕಿ ಬರೆಯುತ್ತೇನೆ. ಪುಟದ ಸಂಖ್ಯೆ ಇಲ್ಲದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಎಲ್ಲಿ ನಿಂತು ಹೇಳಿದ್ದು ಎಂಬುದೇ ಹೋಗಿಬಿಡುತ್ತದೆ. ಮುಂದಿನ ಪುಟಗಳು ಅದನ್ನು ಸುಳ್ಳು ಮಾಡಿದರೂ ಕಾಟು ಹೊಡೆಯುವುದಿಲ್ಲ.

ಆ ಹಾಳೆಗಳನ್ನು ಈಗ ತೆಗೆದು ನೋಡಿದರೆ ನಗು ಬರುವಂಥವು ಬೇಕಾದಷ್ಟು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದ್ದು ಕಡು ಬೇಸಿಗೆಯಲ್ಲಿ, ಮುಂಜಾನೆ ಹತ್ತಕ್ಕೇ ನೆಲ ಕಾದು ಹೊರಗೆ ಕಾಲಿಡಲಾಗದ ದಿನಗಳಲ್ಲಿ. ಹಾಳೆಯ ಮೇಲೆ, “ಮತ್ತೆ ಮಳೆ. ಮತ್ತೆ ಉಂಬಳ. ಇದರಾಗಿನ ಎರಡು ಪುಟದ ಮಳೆ ನಮ್ಮ ತೊಗರಿಗೆ ಬಂದಿದ್ದರ…” ಎಂದಿದೆ. ಅದರ ಕೆಳಗೆ ಕೋಣೂರು, ಬೆಟ್ಟಳ್ಳಿ, ಹಳೆಮನೆ, ಹೂವಳ್ಳಿ ಎಂದು ಮನೆತನಗಳ ಪಟ್ಟಿ. ಯಾರು ಯಾರ ಮನೆಯವರೆಂಬುದು ತಲೆಗೆ ಹತ್ತದೆ ಮಾಡಿಕೊಂಡದ್ದು. ಗುತ್ತಿಯ ನಾಯಿ ಹುಲಿಯ ಬಂದಲ್ಲೆಲ್ಲ ಒಂದೊಂದು ಗೆರೆ ಎಳೆದಿದ್ದೇನೆ. ಆ ನಾಯಿಯ ಗತಿ ಏನಾಗುತ್ತದೆಂದು ತಿಳಿದವರಿಗೆ ಆ ಗೆರೆಗಳನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾದೀತು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯ ಹಾಳೆಯಲ್ಲಿರುವುದು ಒಂದೇ ಸಾಲು: “ಕಣ್ಣಿನಿಂದ ಓದಿದರೆ ಆಗೂದಿಲ್ಲ, ಗಟ್ಟಿಯಾಗಿ ಓದಬೇಕು.” ನಂಜನಗೂಡಿನ ಕಡೆಯ ಆ ಮಾತು ನಮ್ಮ ಕಿವಿಗೆ ಹೊಸದು. ಬಾಯಿಬಿಟ್ಟು ಓದಿದಾಗಲೇ ಜೋತಮ್ಮಗಳ ಹರಟೆ ಬಿಚ್ಚಿಕೊಂಡದ್ದು.

ವಾರಪತ್ರಿಕೆಯ ಧಾರಾವಾಹಿಗಳನ್ನು ಓದಿ ಬೆಳೆದವರಿಗೆ ಹೀಗೆ ಪುಸ್ತಕದ ನಡುವೆ ನಿಂತು ಮಾತಾಡುವುದೇನೂ ಹೊಸತಲ್ಲ. ‘ಕರ್ಮವೀರ’, ‘ಸುಧಾ’, ‘ತರಂಗ’ ಬಸ್ಸಿನಲ್ಲಿ ಬರುವುದನ್ನು ಕಾಯುತ್ತ ಊರೂರುಗಳು ವಾರಗಟ್ಟಲೆ ನಡು ಪುಸ್ತಕದಲ್ಲೇ ಬದುಕುತ್ತಿದ್ದವು. ಅದಕ್ಕೂ ಹಿಂದೆ ನಮ್ಮ ವಿಜಯಪುರದಲ್ಲೇ ವಕೀಲರಾದ ಫ.ಗು. ಹಳಕಟ್ಟಿಯವರು ಇದ್ದರು. ಓಲೆಗರಿ ಹುಡುಕಿ ಅಲೆದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಆ ಪತ್ರಿಕೆಯ ಓದುಗರಿಗೆ ವಚನ ಸಾಹಿತ್ಯ ಸಿಕ್ಕಿದ್ದು ಸಂಚಿಕೆ ಸಂಚಿಕೆಯಾಗಿ. ಮುಂದೆ ಎಷ್ಟಿದೆ, ಯಾರ ಯಾರ ವಚನಗಳು ಬರಲಿವೆ ಎಂದು ಗೊತ್ತಾಗುವಂತಿರಲಿಲ್ಲ. ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಕಪಾಟಿನಲ್ಲಿಟ್ಟುಕೊಂಡ ನಮಗಿಂತ ಅವರ ಓದು ಬಿಸಿಯಾಗಿದ್ದಿರಬೇಕು. ಇದು ನನ್ನ ಊಹೆ.

ಊರಿನವರಿಗೆಲ್ಲ ಕೊನೆ ಮೊದಲೇ ಗೊತ್ತಿರುವ ಪುಸ್ತಕಗಳನ್ನು ಓದುವಾಗ ಕಾಕಾನ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಇಂಗಳೇಶ್ವರ ಬಸವಣ್ಣನ ತಾಯಿ ಮಾದಲಾಂಬಿಕೆಯ ತವರೂರು ಎಂಬ ನಂಬಿಕೆ. ಆತ ಹುಟ್ಟಿದ್ದೇ ಇಲ್ಲಿ ಎಂದು ನಾವು, ಅಲ್ಲ ಬಾಗೇವಾಡಿಯಲ್ಲಿ ಎಂದು ಬಾಗೇವಾಡಿಯವರು. ಕಲ್ಯಾಣದಲ್ಲಿ ಏನಾಯಿತೆಂದು ಇಲ್ಲಿ ಶಾಲೆಗೆ ಹೋಗದ ಕೂಸಿಗೂ ಗೊತ್ತು. ಇಂಥ ಊರಿನಲ್ಲಿ ಅದೇ ಕಲ್ಯಾಣದ ಕಥೆಯ ನಾಟಕ, ಗಿರೀಶ ಕಾರ್ನಾಡರ ‘ತಲೆದಂಡ’ (1990) ಓದುತ್ತಿದ್ದೆ. ಸಾಯುತ್ತಿರುವ ಅಪ್ಪ ಒಳಗಿನಿಂದ ಜಗದೇವನನ್ನು ಕೂಗುತ್ತಿರುತ್ತಾನೆ. ಜಗದೇವ ಮಾತ್ರ ಬ್ರಾಹ್ಮಣರ ಮನೆಯೊಳಗೆ ಬರಲು ಹಿಂಜರಿಯುವ ಗೆಳೆಯ ಮಲ್ಲಿಬೊಮ್ಮನನ್ನು ಬಿಟ್ಟು ಒಳಗೆ ಹೋಗಲೊಲ್ಲ. ಕಾಕಾ ಇಷ್ಟು ಕೇಳಿ, “ಈ ಹುಡುಗ ಛಲೋ ಅಲ್ಲ. ಗೆಳೆಯಾನ ಸಲುವಾಗಿ ಅಲ್ಲ, ತನ್ನ ಹಟಕ್ಕ ನಿಂತಾನ,” ಎಂದರು. ಕಲ್ಯಾಣದ ದೊರೆ ಬಿಜ್ಜಳನ ಕೊಲೆ ಆಗುತ್ತದೆಂದು ಅವರಿಗೆ ಗೊತ್ತಿತ್ತು; ಈ ನಾಟಕದಲ್ಲಿ ಕೊಲ್ಲುವವನು ಅದೇ ಜಗದೇವ ಎಂದು ಗೊತ್ತಿರಲಿಲ್ಲ. ನನ್ನ ಹಾಳೆಯಲ್ಲಿ ಬೇರೆಯೇ ತಕರಾರು: “ಬಿಜ್ಜಳನ ಮಾತಿಗಿರುವ ಉಪ್ಪು ಖಾರ ಬಸವಣ್ಣನ ಮಾತಿಗಿಲ್ಲ.” ನಾಟಕ ಮುಗಿದ ಮೇಲೂ ನಾನದನ್ನು ತಿದ್ದಿಲ್ಲ. ಊರಲ್ಲಿ ಗಟ್ಟಿಯಾಗಿ ಹೇಳಿಯೂ ಇಲ್ಲ.

ಹೀಗೆ ನಡುವಿನದನ್ನು ಇಟ್ಟುಕೊಳ್ಳುವುದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡವರೊಬ್ಬರ ಮಾದರಿ ಇದೆ. ಇಂಡಿ ಸೀಮೆಯ ಹಲಸಂಗಿಯ ಮಧುರಚೆನ್ನರು (1903-1953) ತಮ್ಮ ಅಂತರಂಗದ ಕಥೆಯನ್ನು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂದು ಬರೆದರು. ಬೆಳಗನ್ನು ಕಂಡವರಿಗೆ ಕಾಳರಾತ್ರಿಯನ್ನು ನಾಲ್ಕು ಸಾಲಿನಲ್ಲಿ ಮುಗಿಸುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಸಂಶಯದ ಹೊತ್ತಿಗೆ ಅದರದೇ ಹೆಸರು, ಅದರದೇ ಜಾಗ ಕೊಟ್ಟರು.

ಈಗ ನಾನು ‘ಶೂನ್ಯಸಂಪಾದನೆ’ಯ ನಡುವಿನಲ್ಲಿದ್ದೇನೆ. ನಮ್ಮೂರಿನ ವಚನ ಶಿಲಾ ಮಂಟಪದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಅಲ್ಲಿ ಓದುವಾಗ ಒಂದೊಂದು ವಚನವೂ ತಾನೇ ಪೂರ್ತಿ, ಮುಂದಿನದಕ್ಕೂ ಹಿಂದಿನದಕ್ಕೂ ಹಂಗಿಲ್ಲ. ‘ಶೂನ್ಯಸಂಪಾದನೆ’ ಅಂಥ ವಚನಗಳನ್ನೇ ಎದುರುಬದುರು ನಿಲ್ಲಿಸಿ ಜಗಳಕ್ಕೆ ಬಿಡುತ್ತದೆ. ನಾನು ಸಿಕ್ಕಿಬಿದ್ದಿರುವುದು ಅಲ್ಲಮಪ್ರಭು ಸೊನ್ನಲಿಗೆಗೆ, ಅಂದರೆ ಈಗಿನ ಸೊಲ್ಲಾಪುರಕ್ಕೆ, ಬರುವಲ್ಲಿ. ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾನೆ, ಗುಡಿ ಕಟ್ಟಿಸುತ್ತಿದ್ದಾನೆ. ಅಲ್ಲಮ ಬಂದವನೇ ಅವನನ್ನು ಒಡ್ಡ ಎಂದು ಕೆಣಕುತ್ತಾನೆ. ಕೆಲಸದವರು ಕಲ್ಲೆತ್ತುತ್ತಾರೆ. ಕೆರೆ ಕಟ್ಟಿದ ಮಾತ್ರಕ್ಕೆ ಅರಿವು ಬಾರದು ಎಂಬ ಅಲ್ಲಮನ ವಾದ ತಿಳಿಯದ್ದೇನಲ್ಲ. ಆದರೆ ಆಲಮಟ್ಟಿ ಆಣೆಕಟ್ಟು ನಮ್ಮ ಜಿಲ್ಲೆಯಲ್ಲೇ ಇದ್ದರೂ ಮುಗಿಲು ನೋಡುತ್ತ ಬದುಕಿದ ಎರಿ ಹೊಲದವರು ನಾವು. ಕೆರೆ ಕಟ್ಟುವವನನ್ನು ಹಂಗಿಸುವವನ ಪರ ನಿಲ್ಲು ಎಂದರೆ ನನ್ನ ಕೈಲಾಗದು. ಹಾಳೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ: “ಸಿದ್ಧರಾಮನ ಕಡೆ.”

ಇಲ್ಲಿ ತಡವರಿಸಿದವನು ನಾನೊಬ್ಬನೇ ಅಲ್ಲ ಎಂಬ ಧೈರ್ಯವೂ ಇದೆ. ಶಿವಗಣಪ್ರಸಾದಿ ಮಹಾದೇವಯ್ಯ ಮಾಡಿದ ‘ಶೂನ್ಯಸಂಪಾದನೆ’ಯ ಮೊದಲ ಸಂಕಲನದಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಗುವ ಪ್ರಸಂಗವಿಲ್ಲ. ಹಲಗೆಯಾರ್ಯನಿಗೆ ಅದು ಒಪ್ಪಿಗೆಯಾಗಲಿಲ್ಲ. ಆ ಪ್ರಸಂಗವನ್ನು ಸೇರಿಸಿ ತನ್ನದೊಂದು ‘ಶೂನ್ಯಸಂಪಾದನೆ’ಯನ್ನೇ ಕಟ್ಟಿದ. ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಇಬ್ಬರೂ ಮತ್ತೆ ಕೈ ಹಚ್ಚಿದರು. ನನ್ನ ತಕರಾರು ಅವರದಕ್ಕಿಂತ ಬೇರೆ, ಅವರಷ್ಟು ವಿದ್ಯೆಯೂ ನನಗಿಲ್ಲ. ಜಾಗ ಮಾತ್ರ ಹತ್ತಿರದ್ದೇ.

ಮೊನ್ನೆ ಕಾಕಾ ಎಂದಿನಂತೆ ಕೇಳಿದರು. ಸೊನ್ನಲಿಗೆಗೆ ಬಂದಿದೆ ಎಂದೆ, ಜಗಳವನ್ನೂ ಹೇಳಿದೆ.

“ಮುಂದ ಸಿದ್ಧರಾಮ ಪ್ರಭುದೇವರ ಮಾತು ಒಪ್ಕೋತಾನಲ್ಲೋ. ಪುರಾಣದಾಗ ಕೇಳೀನಿ.”

“ಅಂವಾ ಒಪ್ಪಲಿ ಕಾಕಾ. ನಾ ಇನ್ನೂ ಆ ಪುಟಕ್ಕ ಬಂದಿಲ್ಲ.”